ಹೊರನಾಡಿನಲ್ಲಿ ಚರ್ಮದ ಸಾಮಾನುಗಳ ಖರೀದಿ

ಪರದೇಶಕ್ಕೆ ಹೋಗಿ ಹಿಂದಿರುಗುವವರ ಪೆಟ್ಟಿಗೆಯಲ್ಲಿ ಚರ್ಮದ ವಸ್ತು ಒಂದಾದರೂ ಇರುವುದು ಈಗ ವಾಡಿಕೆಯಾಗಿದೆ. ಭಾವನವರಿಗೊಂದು ಹಣದ ಚೀಲ, ಅಣ್ಣನ ಮಗನಿಗೊಂದು ಸೊಂಟಪಟ್ಟಿ, ತಮಗೊಂದು ಕೈಚೀಲ ಅಥವಾ ಜೊತೆ ಬೂಟು. ಇಷ್ಟಾದರೂ ಇಲ್ಲದೆ ಬಂದರೆ ಹೋಗಿಬಂದದ್ದಕ್ಕೆ ಸಾಕ್ಷಿಯೇನೆಂದು ಮನೆಯವರು ಕೇಳಿಯಾರು. ಇಂಥ ಖರೀದಿಯಲ್ಲಿ ಏನನ್ನು ನೋಡಬೇಕು, ಎಲ್ಲಿ ಮೋಸಹೋಗುವ ಸಂಭವವುಂಟು, ಕಡೆಗೆ ನಾವು ಕೊಟ್ಟ ಬೆಲೆ ಯಾರಿಗೆ ಸೇರುತ್ತದೆ ಎಂಬುದನ್ನು ಈ ಹೊತ್ತು ಕೊಂಚ ವಿಚಾರಮಾಡೋಣ. ಈ ವಿಷಯದಲ್ಲಿ ನಮಗೆ ಪಾಂಡಿತ್ಯವಿಲ್ಲ; ಒಮ್ಮೆ ಮೋಸಹೋದವರೆಂಬ ಅಧಿಕಾರ ಮಾತ್ರ ಉಂಟು.

ಕೆಲವು ವರ್ಷಗಳ ಹಿಂದೆ ವಿದ್ವತ್ಸಮ್ಮೇಳನವೊಂದರ ನಿಮಿತ್ತ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿದ್ದೆವು. ಆ ಊರು ಚಿತ್ರಶಿಲ್ಪಗಳಿಗೆ ಎಷ್ಟು ಪ್ರಸಿದ್ಧವೋ ಚರ್ಮದ ಕೆಲಸಕ್ಕೂ ಅಷ್ಟೇ ಪ್ರಸಿದ್ಧ. ಅಲ್ಲಿನ ಒಂದು ಅಂಗಡಿಯಲ್ಲಿ, ಪುಸ್ತಕಗಳನ್ನಿಟ್ಟುಕೊಳ್ಳಲು ಅನುಕೂಲವಾದ, ಕಂದುಬಣ್ಣದ ಕೈಚೀಲವೊಂದನ್ನು ಕಂಡು ಮನಸೋತು, ಹೇಳಿದ ಬೆಲೆಯನ್ನು ಹೇಳಿದಂತೆಯೇ ಕೊಟ್ಟು ತಂದೆವು. ಕಲಬುರಗಿಯ ಬೇಸಗೆಯೆಂದರೆ ಉಷ್ಣಮಾಪಕದ ಪಾದರಸ ನಲವತ್ತು ಅಂಶಗಳನ್ನು ದಾಟಿ ನಿಲ್ಲುವ ಬೇಸಗೆ. ಮೊದಲನೆಯ ಬೇಸಗೆಯಲ್ಲಿ ಚೀಲದ ಮೂಲೆಗಳು ಬಿರಿದುವು. ಎರಡನೆಯದರಲ್ಲಿ ಮೇಲಿನ ಹೊಳಪು ಹುರುಪೆಹುರುಪೆಯಾಗಿ ಏಳತೊಡಗಿತು.

ಆ ವರ್ಷವೇ, ಮನೆಗೆ ಬಂದ ಅತಿಥಿಗಳಿಗೆ ಕಮಲಾಪುರದ ಕೆಂಪು ಬಾಳೆಯ ಹಣ್ಣನ್ನು ಹುಟ್ಟಿದ ಊರಿನಿಂದಲೇ ತಂದುಕೊಡಬೇಕೆಂಬ ಉತ್ಸಾಹದಿಂದ ಬಸ್ಸು ಹತ್ತಿ ಹೋದೆವು. ಕಮಲಾಪುರದಲ್ಲಿ ಇಳಿಯುವಾಗ ಚೀಲದ ಹೆಗಲಪಟ್ಟಿ ಕಿತ್ತುಬಂದಿತು. ರಸ್ತೆಯ ಬದಿಯಲ್ಲಿ ಬೇವಿನ ಮರದ ನೆರಳಲ್ಲಿ ಮೆಟ್ಟು ಹೊಲಿಯುತ್ತ ಕುಳಿತಿದ್ದ ವೃದ್ಧರೊಬ್ಬರ ಮುಂದೆ ಅದನ್ನಿಟ್ಟೆವು. ಅವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಬಿರಿದ ಅಂಚನ್ನು ರಂಪಿಗೆಯ ತುದಿಯಿಂದ ತುಸು ಕೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿ ಹೇಳಿದರು: “ಇದು ತೊಗಲ ಅಲ್ರಿ ಸಾಹೇಬ್ರ, ತೊಗಲಿನ ಪುಡಿ ಅದರಿ. ಅಂಟು ಹಾಕಿ ಹಾಳಿ ಮಾಡ್ಯಾರ, ಮ್ಯಾಲ ಬಣ್ಣ ಬಳದಾರ.”

ಹೊಸ ತೊಗಲಿನ ಪಟ್ಟಿ ಹಾಕಿ ಹೊಲಿದುಕೊಡಲು ಅವರು ಎಂಬತ್ತು ರೂಪಾಯಿ ಕೇಳಿದರು. ನಾವು ಅರವತ್ತಕ್ಕೆ ಇಳಿಸಿದೆವು. ಫ್ಲಾರೆನ್ಸಿನಲ್ಲಿ ತೆರೆಯದ ಬಾಯಿ ಕಮಲಾಪುರದಲ್ಲಿ ಏಕೆ ತೆರೆಯಿತೆಂಬುದು ಹಿಂದಿರುಗುವ ಬಸ್ಸಿನಲ್ಲಿ ನಮಗೇ ಹೊಳೆದು, ಬಾಳೆಯ ಹಣ್ಣಿನ ಸವಿ ಸ್ವಲ್ಪ ಕಡಿಮೆಯಾಯಿತು. ಅದಿರಲಿ, ಆ ವೃದ್ಧರ ಒಂದು ಮಾತಿನಲ್ಲಿ ಅಡಗಿದ್ದ ಶಾಸ್ತ್ರವನ್ನು ಮೊದಲು ಬಿಡಿಸಿ ನೋಡೋಣ.

ಹಸಿಯ ತೊಗಲೆಂಬುದು ಕೊಲಾಜೆನ್ ಎಂಬ ಪದಾರ್ಥದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಜಾಲ. ಅದನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಬಿರುಸಾಗುತ್ತದೆ. ಆ ಎಳೆಗಳ ನಡುವೆ ಮತ್ತೊಂದು ದ್ರವ್ಯವನ್ನು ಹೊಗಿಸಿ, ಕೊಳೆಯದಂತೆಯೂ ಬಾಗುವಂತೆಯೂ ಮಾಡುವುದೇ ಹದಮಾಡುವಿಕೆ. ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳು. ಒಂದು, ಪುರಾತನವಾದ ತೊಗಟೆಯ ಹದ: ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರಿನಲ್ಲಿ ತೊಗಲನ್ನು ವಾರಗಟ್ಟಲೆ ನೆನೆಯಿಸುವುದು. ಇನ್ನೊಂದು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಕ್ರೋಮಿಯಮ್ ಲವಣಗಳ ಹದ. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಸ್ ಇದರ ಒಂದು ವಿಧಾನಕ್ಕೆ ಹಕ್ಕುಪತ್ರ ಪಡೆದನು. ವಾರಗಳ ಕೆಲಸ ಇದರಿಂದ ಒಂದೆರಡು ದಿನಗಳದಾಯಿತು. ಕ್ರೋಮಿನ ಚರ್ಮ ಮೃದು, ಹಗುರ, ಕುದಿಯುವ ನೀರಿಗೂ ಸುಲಭವಾಗಿ ಮುದುಡದು. ಇಂದು ಲೋಕದ ಚರ್ಮದಲ್ಲಿ ಬಹುಪಾಲು ಇದೇ. ತೊಗಟೆಯ ಚರ್ಮವಾದರೋ ಗಡುಸು. ಬಳಸಿದಷ್ಟೂ ಬಣ್ಣ ಕಪ್ಪಾಗುತ್ತ, ಹಿಡಿದವರ ಕೈಗೂ ಮೆಟ್ಟಿದವರ ಕಾಲಿಗೂ ಒಗ್ಗುತ್ತ ಹೋಗುತ್ತದೆ. ಒಂದು ಮೇಲು, ಒಂದು ಕೀಳು ಎನ್ನಲಾಗದು. ಜಾಕೀಟಿಗೆ ಮೊದಲನೆಯದಕ್ಕಿಂತ ಎರಡನೆಯದು ಹಿತ. ಸೊಂಟಪಟ್ಟಿಗೂ ಮೆಟ್ಟಿನ ಅಟ್ಟೆಗೂ ತೊಗಟೆಯದೇ ಲೇಸು.

ಹದದಷ್ಟೇ ಮುಖ್ಯವಾದುದು ಪದರ. ದಪ್ಪ ತೊಗಲನ್ನು ಯಂತ್ರದಿಂದ ಎರಡು ಮೂರು ಪದರಗಳಾಗಿ ಸೀಳುತ್ತಾರೆ. ರೋಮಕೂಪಗಳಿರುವ ಮೇಲ್ಪದರದಲ್ಲಿ ಎಳೆಗಳು ಒತ್ತಾಗಿ ಹೆಣೆದಿರುವುದರಿಂದ ಅದು ಬಲವಾದದ್ದು. ಕೆಳಗಿನ ಸೀಳುಪದರ ಬಲದಲ್ಲಿ ಕಡಿಮೆ. ಅದನ್ನು ಜುಂಗುಜುಂಗಾಗಿ ಉಜ್ಜಿದರೆ ಸ್ವೀಡ್ ಆಗುತ್ತದೆ, ಮೇಲೆ ಬಣ್ಣದ ಪೊರೆಯಿಟ್ಟು ಸುಳ್ಳು ರೋಮಕೂಪಗಳನ್ನು ಒತ್ತಿದರೆ ಮೇಲ್ಪದರದಂತೆಯೇ ತೋರುತ್ತದೆ. ಕಾರ್ಖಾನೆಯ ನೆಲದಲ್ಲಿ ಬಿದ್ದ ಚೂರು, ಪುಡಿಗಳನ್ನು ಕೂಡಿಸಿ, ಅಂಟು ಬೆರಸಿ, ಹಾಳೆಯಾಗಿ ಒತ್ತಿದ್ದು ಎಲ್ಲಕ್ಕಿಂತ ಕೆಳಗಿನದು. ನಮ್ಮ ಚೀಲದ ಜಾತಕ ಅದೇ. ಚರ್ಮವೆಂದು ಅದಕ್ಕೆ ಹೆಸರು ಹೇಗೆ ಬಂದಿತೆಂದರೆ, ಚರ್ಮದ ಅಂಶ ಅದರಲ್ಲಿ ಇದ್ದೇ ಇತ್ತು.

ಹೀಗಿರಲು ಕೊಳ್ಳುವವರು ಏನನ್ನು ನೋಡಬೇಕು? ಮೊದಲನೆಯದಾಗಿ ಕತ್ತರಿಸಿದ ಅಂಚನ್ನು. ಮೆರುಗಿನ ಮುಖ ಎಷ್ಟನ್ನಾದರೂ ಮರೆಸೀತು, ಅಂಚು ಮರೆಸದು. ಎಳೆಎಳೆಯಾಗಿ ಕಂಡರೆ ಚರ್ಮ. ರಟ್ಟಿನಂತೆ ನುಣ್ಣಗಿದ್ದರೆ ಅಥವಾ ಅಂಚಿಗೆಲ್ಲ ದಪ್ಪ ಬಣ್ಣ ಬಳಿದಿದ್ದರೆ ಸಂದೇಹಪಡತಕ್ಕದ್ದು. ಎರಡನೆಯದು ರೋಮಕೂಪಗಳು. ನಿಜವಾದ ತೊಗಲಿನಲ್ಲಿ ಅವು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಇರುವುದಿಲ್ಲ. ಕರುವಿನದರಲ್ಲಿ ಸಣ್ಣಗೆ ಹರಡಿಯೂ, ಮೇಕೆಯದರಲ್ಲಿ ಅಲೆಯಂಥ ಸಾಲುಗಳಲ್ಲಿಯೂ, ಹಂದಿಯದರಲ್ಲಿ ಮೂರುಮೂರು ಗುಂಪಾಗಿಯೂ ಇರುತ್ತವೆ. ಇಂಥ ಪ್ರಾಣಿಯ ಚರ್ಮ ತಮಗೆ ಬೇಡವೆನ್ನುವವರಿಗೂ ಈ ತಿಳಿವಳಿಕೆ ಉಪಕಾರಿ. ಮೂರನೆಯದು, ಬೆರಳಿನಿಂದ ಒತ್ತಿದಾಗ ಸುತ್ತಲೂ ಸೂಕ್ಷ್ಮವಾದ ಸುಕ್ಕುಗಳೇಳುವುದು. ನಾಲ್ಕನೆಯದು ಹೊಲಿಗೆ. ಎರಡು ಸೂಜಿಗಳಿಂದ ಎದುರುಬದುರಾಗಿ ಕೈಯಲ್ಲಿ ಹೊಲಿದ ಹೊಲಿಗೆಯ ಒಂದೆಡೆ ದಾರ ಹರಿದರೂ ಉಳಿದುದು ನಿಲ್ಲುತ್ತದೆ. ಯಂತ್ರದ ಹೊಲಿಗೆ ಒಂದೆಡೆ ಬಿಟ್ಟರೆ ಉದ್ದಕ್ಕೂ ಸಡಿಲವಾಗುವ ಭಯವುಂಟು. ವಾಸನೆಯನ್ನು ಮಾತ್ರ ನಂಬಲಾಗದು. ಪರಿಮಳವನ್ನೂ ಸಿಂಪಡಿಸುವ ಕಾಲವಿದು.

ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಪಾದರಕ್ಷೆಗಳಿಗೆ 1994ರ ನಿರ್ದೇಶದಂತೆ ಚಿತ್ರದ ಗುರುತುಗಳನ್ನು ಹಚ್ಚುವುದುಂಟು. ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ಆ ಆಕಾರದೊಳಗೆ ವಜ್ರಾಕೃತಿಯಿದ್ದರೆ ಪೊರೆಯಿಟ್ಟ ಚರ್ಮ, ಹೆಣಿಗೆಯಿದ್ದರೆ ಬಟ್ಟೆ, ಬರಿಯ ವಜ್ರಾಕೃತಿಯಿದ್ದರೆ ಇತರ ವಸ್ತು. ಭಾಷೆ ಬಾರದವರಿಗೆ ಇದೊಂದು ಅನುಕೂಲ. ಬೂಟಿನ ಅಂಕಿಯಾದರೋ ದೇಶಕ್ಕೊಂದು: ಇಂಗ್ಲಿಷರ ಲೆಕ್ಕದಲ್ಲಿ ಒಂದಂಕಿಗೂ ಮುಂದಿನದಕ್ಕೂ ಮೂರನೆಯ ಒಂದು ಅಂಗುಲ ಅಂತರ, ಯೂರೋಪಿನದರಲ್ಲಿ ಮೂರನೆಯ ಎರಡು ಸೆಂಟಿಮೀಟರು. ಆದುದರಿಂದ ಅಂಕಿಯನ್ನು ನಂಬದೆ ಮೆಟ್ಟಿ ನೋಡತಕ್ಕದ್ದು. ಅದೂ ಸಂಜೆಯ ಹೊತ್ತು, ನಡೆದು ಕಾಲು ಕೊಂಚ ಊದಿರುವಾಗ. ಮೊಸಳೆ, ಹೆಬ್ಬಾವುಗಳ ಚರ್ಮದ ವಸ್ತುಗಳ ಗೊಡವೆ ಬೇಡ. 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಂತೆ ಅವುಗಳಿಗೆ ರಹದಾರಿ ಬೇಕಾಗುವುದುಂಟು, ಇಲ್ಲದಿದ್ದರೆ ಸುಂಕದ ಕಟ್ಟೆಯಲ್ಲಿ ವಸ್ತುವೂ ಹೋಗಿ ಮಾನವೂ ಹೋಗುತ್ತದೆ. ಮಾರಾಟತೆರಿಗೆಯನ್ನು ಹಿಂದಕ್ಕೆ ಪಡೆಯುವ ಸೌಕರ್ಯ ಪ್ರವಾಸಿಗಳಿಗುಂಟು. ಆದರೆ ಅಂಗಡಿಯಲ್ಲೇ ಪತ್ರವನ್ನು ಬರೆಸಿಕೊಂಡು, ಒಕ್ಕೂಟದ ಎಲ್ಲೆಯನ್ನು ಬಿಡುವಾಗ ಸುಂಕದವರಿಗೆ ಪತ್ರವನ್ನೂ ವಸ್ತುವನ್ನೂ ತೋರಿಸಬೇಕಾಗಿ ಬರುವುದರಿಂದ, ಪೆಟ್ಟಿಗೆಯನ್ನು ವಿಮಾನದವರ ಕೈಗೊಪ್ಪಿಸುವ ಮುನ್ನವೇ ಆ ಕೆಲಸ ಮುಗಿಸಬೇಕು.

ಇಷ್ಟು ಜಾಣ್ಮೆಯ ಮಾತಾಯಿತು. ಇನ್ನು ಹೊರನಾಡಿನ ವಸ್ತುವೆಂಬ ಹೆಮ್ಮೆಯ ಮಾತು. ಇಂಗ್ಲೆಂಡಿನ ಚರ್ಮವೆಂದು ಹಿಂದಿನವರು ಕೊಂಡಾಡುತ್ತಿದ್ದುದರಲ್ಲಿ ಒಂದು ಪಾಲು ಮದರಾಸಿನ ಸೀಮೆಯಲ್ಲಿ ತಂಗಡಿಯ ತೊಗಟೆಯಿಂದ ಹದಗೊಂಡು, ಹಡಗೇರಿ, ಅಲ್ಲಿ ಬಣ್ಣವನ್ನೂ ಹೆಸರನ್ನೂ ಪಡೆದದ್ದು. ಈಚಿನ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. 2025ರ ಜೂನ್ ತಿಂಗಳಲ್ಲಿ ಮಿಲಾನ್ ನಗರದ ಉಡುಪುಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆಯು ಒಂದು ಬಗೆಯ ಮೆಟ್ಟುಗಳನ್ನು ಹೊರತಂದಿತು. ಅವು ಕೊಲ್ಹಾಪುರಿ ಚಪ್ಪಲಿಗಳ ಪಡಿಯಚ್ಚೆಂದು ಇಲ್ಲಿಯವರು ಒಡನೆಯೇ ಗುರುತಿಸಿದರು. ಕೊಲ್ಹಾಪುರಿಯೆಂಬ ಹೆಸರಿದ್ದರೂ ಅವುಗಳನ್ನು ಮಾಡುವವರು ಆ ಊರಿನವರು ಮಾತ್ರವಲ್ಲ. 2019ರಲ್ಲಿ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಎಂಬ ನಮ್ಮ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿಗಳ ಮನೆಯಂಗಳಗಳಲ್ಲಿ ಗಂಡಸರೂ ಹೆಂಗಸರೂ ಕೂಡಿ ದುಡಿಯುವ ಕಸುಬು ಇದು. ಆಕ್ಷೇಪವೆದ್ದ ಮೇಲೆ ಆ ಸಂಸ್ಥೆ ಮೂಲವನ್ನು ಒಪ್ಪಿಕೊಂಡಿತು. 2025ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಚರ್ಮೋದ್ಯಮ ನಿಗಮದೊಡನೆಯೂ ಕರ್ನಾಟಕದ ಲಿಡ್ಕರ್ ನಿಗಮದೊಡನೆಯೂ ಒಡಂಬಡಿಕೆ ಮಾಡಿಕೊಂಡಿತು. ಮಾಡುವವರ ಕೈಗೆ ಅದರಿಂದ ಎಷ್ಟು ಸೇರುವುದೆಂಬುದೇ ಮುಂದೆ ನೋಡಬೇಕಾದ ಲೆಕ್ಕ.

ದೊಡ್ಡ ಹೆಸರಿದ್ದ ಮಾತ್ರಕ್ಕೆ ದುಡಿದವರಿಗೆ ನ್ಯಾಯವಾದ ಕೂಲಿ ಸಂದಿದೆಯೆಂದು ತಿಳಿಯುವಂತಿಲ್ಲ. 2024ರಲ್ಲಿ ಮಿಲಾನಿನ ನ್ಯಾಯಾಲಯವು, ಒಳಗುತ್ತಿಗೆಯ ಕಾರ್ಯಾಗಾರಗಳಲ್ಲಿ ಕೆಲಸಗಾರರ ಶೋಷಣೆಯನ್ನು ತಡೆಯಲಿಲ್ಲವೆಂಬ ಕಾರಣದಿಂದ, ಖ್ಯಾತ ಸಂಸ್ಥೆಗಳಿಗೆ ಸೇರಿದ ಕೆಲವು ಕಂಪನಿಗಳನ್ನು ತಾತ್ಕಾಲಿಕವಾಗಿ ತನ್ನ ಮೇಲ್ವಿಚಾರಣೆಗೆ ಒಳಪಡಿಸಿತ್ತು. ಶ್ರೀಮಂತ ದೇಶವೊಂದರಲ್ಲಿಯೇ ಹೀಗಾದರೆ, ತೊಗಲನ್ನು ಮುಟ್ಟುವವನನ್ನೇ ಮುಟ್ಟಬಾರದೆಂದ ನಮ್ಮ ಸಮಾಜದಲ್ಲಿ ಆ ಕಸುಬಿನವರಿಗೆ ಸಂದದ್ದೇನೆಂದು ಹೇಳಬೇಕಾಗಿಲ್ಲ. ಅವರು ಮಾಡಿದ ಮೆಟ್ಟನ್ನು ಮೆಟ್ಟಿದೆವು. ಅವರನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಿದೆವು.

ಕಲಬುರಗಿಯಿಂದ ಕಮಲಾಪುರವನ್ನು ಹಾಯ್ದು ಹುಮನಾಬಾದಿನ ಕಡೆಗೆ ಸಾಗುವ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬಸವಕಲ್ಯಾಣಕ್ಕೆ ದಾರಿ. ಹನ್ನೆರಡನೆಯ ಶತಮಾನದಲ್ಲಿ ಆ ಊರಿನಲ್ಲಿ ಹರಳಯ್ಯನೆಂಬ ಶರಣನಿದ್ದನು. ಮೆಟ್ಟು ಮಾಡುವುದು ಅವನ ಕಾಯಕ. ಅವನು ಶರಣೆಂದಾಗ ಬಸವಣ್ಣನವರು ಎರಡು ಸಲ ಶರಣೆಂದರೆಂದೂ, ಹೆಚ್ಚಾದ ಆ ಒಂದು ಶರಣಿನ ಋಣವನ್ನು ತೀರಿಸಲು ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಮೆಟ್ಟುಗಳನ್ನು ಮಾಡಿ ತಂದರೆಂದೂ, ಅವುಗಳನ್ನು ಬಸವಣ್ಣನವರು ಮೆಟ್ಟಲೊಲ್ಲದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆ ಹೇಳುತ್ತದೆ. ಅವನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾದುದಕ್ಕಾಗಿ ಬೀಗರಿಬ್ಬರೂ ಪ್ರಾಣ ತೆತ್ತರು. ಈ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ನಾವೇ ಆ ರಸ್ತೆಯ ಬದಿಯಲ್ಲಿ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಿದೆವು.

ಪರದೇಶದಲ್ಲಿ ಚರ್ಮದ ವಸ್ತುವನ್ನು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಒಳ್ಳೆಯ ಕೆಲಸ ಎಲ್ಲಿದ್ದರೂ ಒಳ್ಳೆಯದೇ. ಅದೇ ಫ್ಲಾರೆನ್ಸಿನ ಸಾಂತಾ ಕ್ರೋಚೆ ಮಠದಲ್ಲಿ, ಎರಡನೆಯ ಮಹಾಯುದ್ಧದ ತರುವಾಯ ಅನಾಥ ಹುಡುಗರಿಗೊಂದು ಕಸುಬು ಕಲಿಸಲೆಂದು ಆರಂಭವಾದ ಚರ್ಮಶಿಲ್ಪದ ಶಾಲೆಯುಂಟು. ಅಲ್ಲಿ ಕುಶಲಿಗಳು ಕೆಲಸಮಾಡುವುದನ್ನು ನಿಂತು ನೋಡಬಹುದು. ಕೊಳ್ಳುವುದಾದರೆ, ಸಾಧ್ಯವಾದ ಮಟ್ಟಿಗೆ ಮಾಡುವವರ ಕೈಯನ್ನು ಕಂಡು ಕೊಳ್ಳಿರಿ, ಅಂಚನ್ನು ನೋಡಿರಿ, ಹೊರಡುವ ಮೊದಲು ನಿಮ್ಮ ಊರಿನಲ್ಲಿಯೇ ಮೆಟ್ಟು ಹೊಲಿಯುವವರ ಮುಂದೆ ಅರ್ಧಗಂಟೆ ಕುಳಿತು ಒಳ್ಳೆಯ ತೊಗಲು ಯಾವುದೆಂದು ಕೇಳಿ ತಿಳಿಯಿರಿ. ನಮಗೆ ಫ್ಲಾರೆನ್ಸಿಗೆ ಹೋಗುವ ಮುಂಚೆ ಈ ಬುದ್ಧಿ ಬರಲಿಲ್ಲ.

ಮುಂದೊಂದು ದಿನ ಕಮಲಾಪುರಕ್ಕೆ ಹೋದಾಗ ಆ ವೃದ್ಧರ ಮುಂದೆ ಉಳಿದ ಇಪ್ಪತ್ತು ರೂಪಾಯಿಯನ್ನಿಟ್ಟೆವು. ಅವರು ಅದನ್ನು ಮುಟ್ಟಲಿಲ್ಲ. “ಆವತ್ತೇ ಮಾತಾಗ್ಯಾದ ಅಲ್ರಿ,” ಎಂದರು. ಬೇರೆ ದಾರಿ ಕಾಣದೆ ನಮಗೊಂದು ಸೊಂಟಪಟ್ಟಿ ಬೇಕೆಂದೆವು. ಅವರು ಒಂದು ತುಂಡು ತೊಗಲನ್ನು ತೆಗೆದು, ಅಂಚನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿ, ಅಳತೆ ತೆಗೆದುಕೊಂಡು ಬೆಲೆ ಹೇಳಿದರು. ಈ ಸಲ ನಾವು ಮಾತಾಡಲಿಲ್ಲ. ಫ್ಲಾರೆನ್ಸಿನ ಚೀಲ ಎಂದೋ ಹರಿದುಹೋಯಿತು. ಅದಕ್ಕೆ ಅವರು ಹಾಕಿದ ಪಟ್ಟಿ ಮಾತ್ರ ಇನ್ನೊಂದು ಚೀಲಕ್ಕೆ ಸೇರಿ ಇಂದಿಗೂ ನಮ್ಮ ಹೆಗಲಿನ ಮೇಲಿದೆ.