ಕಾಯಕದಲ್ಲಿ ಅಲಕ್ಷ್ಯವೂ ಸಲ್ಲದು, ಅತಿಯೂ ಸಲ್ಲದು

ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಕಂಡರು. ಆದರೆ ಇಂದು ಅನೇಕರಿಗೆ ಕಾಯಕದ ಸ್ಥಳವೇ ಕಳವಳದ ಮೂಲವಾಗಿದೆ. ಕೊರಟಗೆರೆಯ ಕಚೇರಿ, ಶಾಲೆ, ಬ್ಯಾಂಕುಗಳಾಗಲಿ, ತುಮಕೂರು ಬಳಿಯ ವಸಂತನರಸಾಪುರದ ಕಾರ್ಖಾನೆಗಳಾಗಲಿ, ದುಡಿಮೆಯ ಎಡೆಯಲ್ಲೆಲ್ಲ ಎರಡು ದೋಷಗಳು ತಲೆದೋರುತ್ತವೆ. ಒಂದು, ಕೆಲಸವನ್ನು ಅಲಕ್ಷಿಸುವುದು. ಮತ್ತೊಂದು, ಊಟ, ನಿದ್ರೆ, ಮನೆಮಂದಿಯನ್ನು ಮರೆತು ದುಡಿಯುವುದು. ಮೊದಲನೆಯದನ್ನು ನಾವು ನಿಂದಿಸುತ್ತೇವೆ, ಎರಡನೆಯದನ್ನು ಹೊಗಳುತ್ತೇವೆ. ಎರಡೂ ದೋಷವೆಂಬುದನ್ನು ಮರೆಯುತ್ತೇವೆ.

12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಇದನ್ನು ಮರೆಯಲಿಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ, ಮಾರಯ್ಯ ದಂಪತಿಗಳದು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಅನುಭಾವ ಗೋಷ್ಠಿಯಲ್ಲಿ ಮೈಮರೆತ ಪತಿಗೆ ಆಕೆ ಕಾಯಕದ ಹೊತ್ತನ್ನು ನೆನಪಿಸಿದಳು. ಇನ್ನೊಮ್ಮೆ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಹೆಚ್ಚಿನ ಅಕ್ಕಿ ಆಕೆಯ ಮನೆಗೇ ಲಾಭವಾಗಿತ್ತು, ಆದರೂ ಬೇಡವೆಂದಳು. ಆಕೆಯ ಮಾತು ನೇರ, ನಿಷ್ಠುರ. ಮಾರಯ್ಯನಿಗೆ ಅದು ನಾಟಿದ್ದೇಕೆ? ಹೇಳಿದವಳು ಅದೇ ಕಾಯಕದ ಸಹಭಾಗಿ. ಹೇಳಿದ್ದು ಆತನ ಹಿತಕ್ಕಾಗಿ.

ಉದ್ಯೋಗದಾತರಿಗೂ ಮೇಲಧಿಕಾರಿಗಳಿಗೂ ಇಲ್ಲಿ ಪಾಠವಿದೆ. ನೌಕರನ ಅತಿದುಡಿಮೆಯಿಂದ ಲಾಭ ಪಡೆಯುವವರೇ ಅದನ್ನು ಮೊದಲು ತಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದ ಲಕ್ಷಣಗಳನ್ನು ಮೂರಾಗಿ ಗುರುತಿಸಿತು: ತೀವ್ರ ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕಾರ್ಯಕ್ಷಮತೆ ಕುಂದುವುದು. ಆದುದರಿಂದ ನಾವು ಸೋಮಾರಿತನವೆಂದು ಬಗೆದದ್ದು ಕೆಲವೊಮ್ಮೆ ಅತಿದುಡಿಮೆಯ ಫಲವೇ ಆಗಿರಬಹುದು.

ಹಾಗಾದರೆ ತಿದ್ದುವ ಬಗೆ ಹೇಗೆ? ನಾಲ್ವರ ಮುಂದೆ ಗದರದೆ ಪ್ರತ್ಯೇಕವಾಗಿ ಕರೆದು ಮಾತನಾಡಬೇಕು. ತಪ್ಪನ್ನು ಎಣಿಸುವ ಮೊದಲು ಕಾರಣವನ್ನು ವಿಚಾರಿಸಬೇಕು. ಮನೆಯಲ್ಲಿ ಕಾಯಿಲೆಯೋ, ಸಾಲದ ಚಿಂತೆಯೋ, ಹಂಚಿಕೆಯಲ್ಲೇ ಭಾರ ಹೆಚ್ಚಾಗಿದೆಯೋ ತಿಳಿಯಬೇಕು. ಹೊರೆಯನ್ನು ನ್ಯಾಯವಾಗಿ ಹಂಚಬೇಕು. ಹೊತ್ತಿಗೆ ಸರಿಯಾಗಿ ಮನೆಗೆ ಹೊರಟವನನ್ನು ಹಂಗಿಸಬಾರದು. ಚೆನ್ನಾಗಿ ಮಾಡಿದ ಕೆಲಸವನ್ನು ಅಂದೇ ಗುರುತಿಸಿ ಒಂದು ಒಳ್ಳೆಯ ಮಾತು ಆಡಬೇಕು. ಸಹೋದ್ಯೋಗಿಗಳೂ ಕುಗ್ಗಿದವನ ಬೆನ್ನ ಹಿಂದೆ ಆಡಿಕೊಳ್ಳದೆ ಆತನ ಬಳಿ ಕುಳಿತು ಕೇಳಬೇಕು. ಬಳಲಿಕೆ ದೇಹಕ್ಕೂ ಮನಸ್ಸಿಗೂ ಮೀರಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಲು ಸಂಕೋಚಪಡಬಾರದು.

ಮಾರಯ್ಯನ ಕಾಯಕವನ್ನು ಕಾಪಾಡಿದ್ದು ಜೊತೆಗಾತಿಯ ಎಚ್ಚರ. ನಮ್ಮೊಡನೆ ದುಡಿಯುವ ಒಬ್ಬರಿಗಾದರೂ ನಾವು ಅಂತಹ ಎಚ್ಚರವಾಗೋಣ. ಆಗ ಕಾಯಕದ ಸ್ಥಳವೂ ಅನುಭವ ಮಂಟಪವಾದೀತು.