ಓಟದ ಎತ್ತು, ಬಿತ್ತನೆಯ ಎತ್ತು: ಎರಡನ್ನೂ ತೂಗಿಸುವುದು ಹೇಗೆ?

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಒಳ್ಳೆಯ ಜೋಡಿ ಎತ್ತು ಇರುವುದು ಮನೆಗೊಂದು ಹೆಮ್ಮೆ. ಟ್ರ್ಯಾಕ್ಟರು ಬಂದ ಮೇಲೂ ಶೇಂಗಾ ಹೊಲದ ಎಡೆಕುಂಟೆಗೆ ಎತ್ತೇ ಬೇಕು. ಹಲವರು ಸ್ವಂತ ಬೇಸಾಯದ ಜೊತೆಗೆ ಬಾಡಿಗೆಗೆ ಕೂರಿಗೆ, ಕುಂಟೆ ಹೊಡೆಯುತ್ತಾರೆ. ಹೋರಿಗಳನ್ನು ಪಳಗಿಸಿ ಮಾರುತ್ತಾರೆ. ಅದೇ ಜೋಡಿಯನ್ನು ಗಾಡಿ ಓಟದ ಸ್ಪರ್ಧೆಗೂ ಹೂಡುವವರಿದ್ದಾರೆ. ಓಟ ಹೆಸರು ತರುತ್ತದೆ. ಆದರೆ ವರ್ಷದ ಅನ್ನ ಬರುವುದು ಬೇಸಾಯದಿಂದ. ಎರಡೂ ಒಂದನ್ನೊಂದು ಕೆಡಿಸದಂತೆ ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹದ ಕಾಯುವುದಿಲ್ಲ

ಈ ಭಾಗದ ವಾರ್ಷಿಕ ಮಳೆ ಸುಮಾರು 500 ಮಿ.ಮೀ. ಆಸುಪಾಸಿನದು. ಕೆಂಪು ಮರಳು ಮಿಶ್ರಿತ ಭೂಮಿಯಲ್ಲಿ ಒಂದು ಮಳೆಯ ಬಿತ್ತನೆ ಹದ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕೆಲವು ವರ್ಷಗಳ ಹಿಂದೆ ನನಗೆ ಪರಿಚಿತರಾದ ರೈತರೊಬ್ಬರು ಜೂನ್ ತಿಂಗಳಲ್ಲಿ ಕೊನೆಯದೊಂದು ಸ್ಪರ್ಧೆಗೆ ಎತ್ತು ಹೂಡಿದರು. ಬಹುಮಾನವೇನೋ ಬಂತು, ಆದರೆ ಬಲಗಡೆಯ ಎತ್ತಿನ ಮುಂಗಾಲಿನ ನರ ಉಳುಕಿ ಬಾತುಕೊಂಡಿತು. ವಾರದಲ್ಲಿ ಮಳೆಯೂ ಬಂತು. ಊರಿನ ಎಲ್ಲ ಕೂರಿಗೆಗಳೂ ಹೊಲದಲ್ಲಿದ್ದುದರಿಂದ ಬಾಡಿಗೆಗೆ ಒಂದೂ ಸಿಗಲಿಲ್ಲ. ಮುಂದಿನ ಮಳೆಗೆ ಬಿತ್ತುವ ಹೊತ್ತಿಗೆ ಇಪ್ಪತ್ತು ದಿನ ಕಳೆದಿತ್ತು. ಕಾಯಿ ಬಲಿಯುವ ಕಾಲಕ್ಕೆ ತೇವ ಸಾಲದೆ ಬೆಳೆ ಜೊಳ್ಳಾಯಿತು. ಒಪ್ಪಿಕೊಂಡಿದ್ದ ಬಾಡಿಗೆ ಕೆಲಸವೂ ಬೇರೆಯವರ ಪಾಲಾಯಿತು. ಬಹುಮಾನದ ಹಣ ಈ ನಷ್ಟದ ಕಾಲು ಭಾಗವನ್ನೂ ತುಂಬಲಿಲ್ಲ.

ಓಟ ಬೇರೆ, ದುಡಿತ ಬೇರೆ

ಎತ್ತು ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಬಲದಿಂದ ದಿನಕ್ಕೆ ಐದಾರು ಗಂಟೆ ನಿಧಾನವಾಗಿ ಎಳೆಯಬಲ್ಲದು. ಓಟದಲ್ಲಾದರೋ ಕೆಲವೇ ಕ್ಷಣಗಳಲ್ಲಿ ಇದ್ದ ಶಕ್ತಿಯನ್ನೆಲ್ಲ ಸುರಿಯುತ್ತದೆ. ಸ್ನಾಯು, ಗೊರಸು, ಕೀಲುಗಳ ಮೇಲೆ ಬೀಳುವ ಭಾರ ಎರಡರಲ್ಲಿಯೂ ಬೇರೆ ಬೇರೆ. ಓಟಕ್ಕೆಂದೇ ಕಟ್ಟಿ ಮೇಯಿಸಿದ ಎತ್ತನ್ನು ಒಮ್ಮೆಲೇ ನೇಗಿಲಿಗೆ ಹೂಡಿದರೆ ಹೆಗಲು ಹುಣ್ಣಾಗುತ್ತದೆ. ದಿನವಿಡೀ ದುಡಿದು ದಣಿದ ಎತ್ತನ್ನು ಓಡಿಸಿದರೆ ಕಾಲು ಉಳುಕುತ್ತದೆ.

ಕುದುರೆ ಸಾಕುವವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ರೇಸಿನ ಕುದುರೆಯನ್ನು ಎಳೆಯ ಪ್ರಾಯದಲ್ಲಿ ಓಡಿಸಿ, ಓಟ ಮುಗಿದ ಮೇಲೆಯೇ ತಳಿ ಅಭಿವೃದ್ಧಿಗೆ ಬಿಡುವುದು ರೂಢಿ. ನಮ್ಮ ಮ್ಯಾಸನಾಯಕರ ದೇವರ ಎತ್ತುಗಳನ್ನೂ ಬೇಸಾಯಕ್ಕೆ ಹೂಡುವುದಿಲ್ಲ. ಅವುಗಳನ್ನು ನೋಡಿಕೊಳ್ಳಲು ಕಿಲಾರಿಗಳೇ ಇದ್ದಾರೆ. ಒಂದು ಕಾಲಕ್ಕೆ ಒಂದೇ ಹೊಣೆ ಎಂಬುದು ಎರಡು ಕಡೆಯೂ ಕಾಣುವ ಪಾಠ.

ಎರಡು ಜೋಡಿ ಸಾಕಬಹುದೇ?

ಓಟಕ್ಕೊಂದು, ಬೇಸಾಯಕ್ಕೊಂದು ಜೋಡಿ ಇದ್ದರೆ ಉತ್ತಮವೇ. ಆದರೆ ಮೇವಿನ ಲೆಕ್ಕ ನೋಡಿ. 400 ಕಿಲೋ ತೂಕದ ಎತ್ತಿಗೆ ದಿನಕ್ಕೆ 8ರಿಂದ 10 ಕಿಲೋ ಒಣ ಮೇವು ಬೇಕು. ಒಂದು ಜೋಡಿಗೆ ವರ್ಷಕ್ಕೆ ಸುಮಾರು ಆರೂವರೆ ಟನ್ ಆಯಿತು. ಮಳೆಯಾಶ್ರಿತ ಶೇಂಗಾದಲ್ಲಿ ಒಳ್ಳೆಯ ವರ್ಷದಲ್ಲಿ ಎಕರೆಗೆ ಒಂದು ಟನ್ ಆಸುಪಾಸು ಹೊಟ್ಟು ಸಿಗಬಹುದು. ಐದು ಎಕರೆಯವರಿಗೆ ಒಂದೇ ಜೋಡಿ ಭಾರ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದ ಮೇಲೆ ಹೊರಗಿನ ಮೇವೂ ಕಡಿಮೆಯಾಗಿದೆ. ಆದ್ದರಿಂದ ಬಹುಪಾಲು ರೈತರು ಒಂದೇ ಜೋಡಿಯನ್ನು ಕಾಲ ವಿಂಗಡಿಸಿ ಬಳಸುವುದೇ ಸೂಕ್ತ.

ವರ್ಷದ ಯೋಜನೆ

1. ನವೆಂಬರ್-ಡಿಸೆಂಬರ್: ಶೇಂಗಾ ಒಕ್ಕಣೆ ಮುಗಿದ ನಂತರ ಎರಡು ವಾರ ವಿಶ್ರಾಂತಿ. ಗೊರಸು ತಿದ್ದಿಸಿ ಹೊಸ ಲಾಳ ಕಟ್ಟಿಸಬೇಕು.

2. ಜನವರಿಯಿಂದ ಏಪ್ರಿಲ್: ಓಟದ ಕಾಲ. ಎರಡು ಸ್ಪರ್ಧೆಗಳ ನಡುವೆ ಕನಿಷ್ಠ ಎರಡು ವಾರದ ಅಂತರವಿರಲಿ. ಅಭ್ಯಾಸವನ್ನು ಬೆಳಗಿನ ತಂಪಿನಲ್ಲಿ ಮಾಡಿಸಿ.

3. ಏಪ್ರಿಲ್ ಕೊನೆ: ಓಟ ನಿಲ್ಲಿಸಿ. ಮೇ ತಿಂಗಳಲ್ಲಿ ಮೊದಲ ವಾರ ವಿಶ್ರಾಂತಿ, ನಂತರ ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ ನೊಗಕ್ಕೆ ಮತ್ತೆ ಒಗ್ಗಿಸಿ.

4. ಜೂನ್‌ನಿಂದ ಒಕ್ಕಣೆಯವರೆಗೆ: ಬಹುಮಾನ ಎಷ್ಟೇ ದೊಡ್ಡದಿರಲಿ, ಓಟಕ್ಕೆ ಹೂಡಬಾರದು.

ಆಹಾರ ಮತ್ತು ಆರೋಗ್ಯ

ಓಟದ ಹುರುಪಿನಲ್ಲಿ ಹುರುಳಿ, ಜೋಳದ ನುಚ್ಚು, ಹಿಂಡಿಯನ್ನು ಒಮ್ಮೆಲೇ ಹೆಚ್ಚಿಸುವುದು ಅಪಾಯ. ಮೆಲುಕು ಚೀಲದಲ್ಲಿ ಹುಳಿ ಹೆಚ್ಚಿ ಎತ್ತು ಮೇವು ಬಿಡುತ್ತದೆ, ಕುಂಟಲೂಬಹುದು. ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುವುದರಿಂದ ಅದನ್ನು ಕೊಡಲೇಬಾರದು. ನಾಲ್ಕು ಹಲ್ಲು ಬರುವ ಮುನ್ನ ಹೋರಿಯನ್ನು ಓಟಕ್ಕೆ ಹೂಡುವುದು ಮೂಳೆಗೆ ಕೇಡು. ಮುಂದೆ ಮಾರುವಾಗ ಬೆಲೆಗೂ ಕೇಡು. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗಗಳ ಲಸಿಕೆ ತಪ್ಪಿಸಬೇಡಿ. ಸ್ಪರ್ಧೆಯಿಂದ ಬಂದ ಎತ್ತನ್ನು ಎರಡು ವಾರ ಇತರ ದನಗಳಿಂದ ಬೇರೆ ಕಟ್ಟಿ.

ಕಾನೂನು

2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನಿಂದ ಎತ್ತಿನ ಗಾಡಿ ಓಟಗಳಿಗೆ ತಡೆ ಬಿದ್ದಿತ್ತು. ಕರ್ನಾಟಕದ 2017ರ ತಿದ್ದುಪಡಿ ಕಾಯ್ದೆ ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ನೀಡಿತು. 2023ರ ಮೇ 18ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅವಕಾಶವಿರುವುದು ಹಿಂಸೆಯಿಲ್ಲದ ಓಟಕ್ಕೆ ಮಾತ್ರ. ಮೊಳೆ ಚುಚ್ಚುವುದು, ಬಾಲ ಕಚ್ಚುವುದು, ಮದ್ದು ಕುಡಿಸುವುದು ಸಲ್ಲದು.

ಎರಡು ಲೆಕ್ಕ ಇಡಿ

ಒಂದು ಪುಸ್ತಕದಲ್ಲಿ ಎರಡು ಭಾಗ ಮಾಡಿ. ಒಂದರಲ್ಲಿ ಓಟದ ಖರ್ಚು: ಹೆಚ್ಚುವರಿ ಆಹಾರ, ಸಾಗಣೆ, ಪ್ರವೇಶ ಶುಲ್ಕ, ಚಿಕಿತ್ಸೆ, ನಿಮ್ಮ ದಿನಗೂಲಿ. ಇನ್ನೊಂದರಲ್ಲಿ ಬಾಡಿಗೆ ಮತ್ತು ಮಾರಾಟದ ಆದಾಯ. ಬಹುಮಾನ ಕೈಗೆ ಬರುವವರೆಗೆ ಅದನ್ನು ಬರೆಯಬೇಡಿ; ಅದನ್ನು ನಂಬಿ ಸಾಲ ಮಾಡಲೇಬೇಡಿ. ವರ್ಷದ ಕೊನೆಗೆ ಎರಡನ್ನೂ ಕೂಡಿ ಕಳೆದರೆ ಓಟಕ್ಕೆ ಎಷ್ಟು ಖರ್ಚು ಮಾಡಬಹುದೆಂಬುದು ತಾನಾಗಿಯೇ ತಿಳಿಯುತ್ತದೆ. ಓಟದ ಅಭಿಮಾನ ತಪ್ಪಲ್ಲ. ಆದರೆ ಮೊದಲ ಮಳೆ ಬಿದ್ದ ಮರುದಿನ ನಿಮ್ಮ ಜೋಡಿ ಕುಂಟದೆ ಕೂರಿಗೆಯ ಮುಂದೆ ನಿಲ್ಲಬೇಕು.