ಎರಡೂ ಕಡೆ ಸಮ ಇರಬೇಕು ಅಂತ ಯಾರು ಹೇಳಿದ್ದು?

ಸ್ತನ ಕ್ಯಾನ್ಸರ್ ಅಂದ ಕೂಡಲೇ ಕೀಮೋ, ಕೂದಲು, ಖರ್ಚು, ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆಪರೇಶನ್ ಆಗಿ, ಹೊಲಿಗೆ ಒಣಗಿ, ಮತ್ತೆ ಆಫೀಸಿಗೆ ಹೊರಡೋ ದಿನ ಬೀರು ತೆಗೆದು ಏನು ಹಾಕ್ಕೊಳ್ಳೋದು ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ. ಜಾಗತಿಕ ಅಂದಾಜಿನ ಪ್ರಕಾರ 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1.9 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಹೊಸದಾಗಿ ಬಂದಿದೆ. ಅವರಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಮೆಟ್ರೋ ಹತ್ತುವ ನಮ್ಮ ವಯಸ್ಸಿನವರೂ ಇದ್ದಾರೆ. ನನಗೆ ಎಡಗಡೆ ಮ್ಯಾಸ್ಟೆಕ್ಟಮಿ ಆಗಿ ಎರಡು ವರ್ಷ ಆಯ್ತು. ಸ್ತನ ಮರುರಚನೆಯ ಸರ್ಜರಿ ನನಗೆ ಬೇಡ ಅನ್ನಿಸ್ತು, ಮಾಡಿಸಲಿಲ್ಲ. ಹಾಗಾಗಿ ಈ ಬಟ್ಟೆ ಪುರಾಣ ಸ್ವಂತ ಅನುಭವದ್ದೇ.

ಎಲ್ಲರೂ ಕೊಡೋ ಮೊದಲ ಸಲಹೆ: "ಎರಡು ಸೈಜ್ ದೊಡ್ಡದು ಹಾಕ್ಕೋ, ಗೊತ್ತಾಗಲ್ಲ." ಗೊತ್ತಾಗುತ್ತೆ. ತೆಳುವಾದ ಮೆತ್ತನೆ ಟೀ ಶರ್ಟ್ ಎಷ್ಟು ದೊಡ್ಡದಾದ್ರೂ ಖಾಲಿ ಜಾಗಕ್ಕೆ ಹೋಗಿ ಬೀಳುತ್ತೆ. ಅಡ್ಡ ಗೆರೆ ಇದ್ದರಂತೂ ಮುಗೀತು, ಒಂದೊಂದು ಗೆರೆಯೂ ಗ್ರಾಫ್ ಥರ ಏರಿಳಿತ ತೋರಿಸುತ್ತೆ. ಶರ್ಟ್‌ನ ಕಥೆ ಇನ್ನೊಂದು. ನಡುವೆ ಗುಂಡಿಯ ಸಾಲು, ಎರಡು ಕಡೆ ಒಂದೇ ಅಳತೆ. ನೋಡೋರ ಕಣ್ಣು ತಾನಾಗೇ ಎಡ ಬಲ ಹೋಲಿಸಿಬಿಡುತ್ತೆ. ಅಲ್ಲಿ ಕೆಲಸ ಮಾಡಬೇಕಾಗಿರೋದು ಆ ನಡುಗೆರೆಯ ಮೇಲೆ. ಒಂದು ಸ್ಟೋಲನ್ನು ಒಂದೇ ಭುಜದ ಮೇಲೆ ಓರೆಯಾಗಿ ಹಾಕಿ, ಇಲ್ಲಾ ಪಕ್ಕಕ್ಕೆ ಕಟ್ಟುವ ಅಂಗರಖಾ ಕುರ್ತಾ ಹಾಕಿ. ಹೋಲಿಸೋಕೆ ನಡುಗೆರೆಯೇ ಇಲ್ಲ.

ಇದನ್ನ ಯೋಚಿಸ್ತಾ ಹೋದಾಗ ನನಗೆ ಖುಷಿ ಕೊಟ್ಟಿದ್ದು ನಮ್ಮ ಸೀರೆ. ಅದು ಮೊದಲಿನಿಂದಲೂ ಒಂದು ಕಡೆ ವಾಲಿದ ಉಡುಪು. ಸೆರಗು ಒಂದೇ ಭುಜದ್ದು, ಎರಡು ಕಡೆ ಸಮ ಇರಬೇಕು ಅನ್ನೋ ಹಠವೇ ಅದಕ್ಕಿಲ್ಲ. ಎಡಗಡೆ ಆಪರೇಶನ್ ಆದವರಿಗೆ ನಾವು ದಿನಾ ಉಡೋ ರೀತಿಯೇ ಸಾಕು, ಸೆರಗು ಹೇಗೂ ಎಡಭುಜಕ್ಕೆ ಹೋಗುತ್ತೆ. ಬಲಗಡೆ ಆದವರಿಗೆ ಗುಜರಾತಿ ಶೈಲಿ ಅನುಕೂಲ, ಅಲ್ಲಿ ಸೆರಗು ಹಿಂದಿನಿಂದ ಬಲಭುಜದ ಮೇಲೆ ಬಂದು ಮುಂದೆ ಹರಡಿಕೊಳ್ಳುತ್ತೆ. ಇನ್ನೂ ಚೆಂದದ್ದು ಕೊಡಗಿನ ಸೀರೆ. ನೆರಿಗೆ ಬೆನ್ನಿನ ಕಡೆ, ಸೆರಗು ಎಡ ಕಂಕುಳ ಕೆಳಗಿನಿಂದ ಎದೆಯನ್ನು ಪೂರ್ತಿ ಸುತ್ತಿ ಬಲಭುಜದ ಮೇಲೆ ನಿಲ್ಲುತ್ತೆ. ಎಡಭುಜದ ಮೇಲೆ ಒಂದು ಗ್ರಾಂ ಭಾರವೂ ಇಲ್ಲ. ನನಗಂತೂ ಇದು ನಮಗೋಸ್ಕರವೇ ಮಾಡಿದ ಡಿಸೈನ್ ಅನ್ನಿಸಿಬಿಟ್ಟಿತು.

ಬಟ್ಟೆ ಯಾವುದು ಅನ್ನೋದೂ ಅಷ್ಟೇ ಮುಖ್ಯ. ಮೈಸೂರು ಸಿಲ್ಕ್ ಕ್ರೇಪ್ ಮೈಗೆ ಅಂಟಿಕೊಂಡು ಇಳಿಯುತ್ತೆ, ಅದನ್ನ ಒಂಟಿ ಪದರ ಬಿಡೋ ಬದಲು ಸಣ್ಣ ನೆರಿಗೆ ಹಿಡಿದು ಪಿನ್ ಮಾಡಿದ್ರೆ ನಾಲ್ಕೈದು ಪದರ ಎದೆ ಮೇಲೆ ಕೂರುತ್ತೆ. ಗಂಜಿ ಹಾಕಿದ ಕೈಮಗ್ಗದ ಕಾಟನ್ ತನ್ನ ಆಕಾರ ತಾನೇ ಹಿಡಿದು ನಿಲ್ಲುತ್ತೆ. ನನ್ನ ಅಚ್ಚುಮೆಚ್ಚು ಗುಳೇದಗುಡ್ಡದ ಖಣ. ರವಿಕೆಗೆ ಅಂತ ನೇಯುವ ಬಟ್ಟೆ, ಸ್ವಲ್ಪ ಬಿರುಸು, ಮೈತುಂಬಾ ಪುಟ್ಟ ಪುಟ್ಟ ಬುಟ್ಟಾ. ಅದರಲ್ಲೊಂದು ತೋಳಿಲ್ಲದ ಗಿಡ್ಡ ಜಾಕೆಟ್ ಹೊಲಿಸಿ, ಪ್ಲೇನ್ ಕುರ್ತಾ ಮೇಲೂ ಜೀನ್ಸ್ ಮೇಲೂ ಹಾಕ್ತೀನಿ. ನೋಡೋರು ಜಾಕೆಟ್ ಎಲ್ಲಿ ತಗೊಂಡ್ರಿ ಅಂತ ಕೇಳ್ತಾರೆ, ಅಷ್ಟೇ.

ಪದರದ ಮೇಲೆ ಪದರ ಅಂತ ಹೇಳೋದು ಸುಲಭ. ಎಸಿ ಆಫೀಸು, ಬೆಂಗಳೂರಿನ ಡಿಸೆಂಬರ್‌ಗೆ ಓಕೆ. ಕಲಬುರಗಿಯ ಮೇ ತಿಂಗಳಲ್ಲಿ ಇದನ್ನ ಹೇಳಿದ್ರೆ ಹೊಡೀತಾರೆ. ಅಲ್ಲಿ ಒಳಗೆ ತೆಳು ಮಲ್ ಕಾಟನ್, ಮೇಲೆ ಬಿಡಿಯಾದ ಒಂದು ದುಪಟ್ಟಾ, ಮುಗೀತು.

ಆಪರೇಶನ್ ಆದ ಹೊಸತರಲ್ಲಿ ಫ್ಯಾಶನ್ ಮಾತು ಬೇಡ. ಕೈ ಮೇಲೆತ್ತೋಕೆ ಆಗಲ್ಲ, ಪಕ್ಕದಲ್ಲಿ ಡ್ರೈನ್ ಪೈಪ್ ಇರುತ್ತೆ. ಮುಂದೆ ಗುಂಡಿ ಇರೋ ದೊಡ್ಡ ಕಾಟನ್ ಶರ್ಟ್, ಮುಂದೆ ಜಿಪ್ ಇರೋ ನೈಟಿ ಸಾಕು. ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಕೈ ಬಾತುಕೊಳ್ಳುವ ಸಾಧ್ಯತೆ ಮುಂದೆಯೂ ಇರುತ್ತೆ, ಅದಕ್ಕೆ ಲಿಂಫೆಡಿಮಾ ಅಂತಾರೆ. ಹಾಗಾಗಿ ಬಿಗಿ ತೋಳು, ಎಲಾಸ್ಟಿಕ್ ಪಫ್, ಭುಜ ಕೊರೆಯುವ ಪಟ್ಟಿ ಬೇಡ. ರೇಡಿಯೇಶನ್ ಆಗ್ತಿದ್ದರೆ ಚರ್ಮಕ್ಕೆ ಉಜ್ಜುವ ಜರಿ, ಲೇಸ್ ದೂರ ಇಡಿ. ಇನ್ನೊಂದು ಸಣ್ಣ ವಿಷಯ: ಕ್ಯಾಬ್‌ನಲ್ಲಿ ಡ್ರೈವರ್ ಪಕ್ಕದ ಸೀಟಿನ ಬೆಲ್ಟ್ ಎಡಭುಜದ ಮೇಲಿಂದ ಬರುತ್ತೆ, ಕಾರು ಓಡಿಸೋರ ಬೆಲ್ಟ್ ಬಲಭುಜದಿಂದ. ನಿಮ್ಮದು ಯಾವ ಕಡೆ ನೋಡಿ, ಮಡಚಿದ ಸಣ್ಣ ಟವೆಲ್ ಬ್ಯಾಗಲ್ಲಿ ಇಟ್ಕೊಳ್ಳಿ.

ಇನ್ನು ಕೃತಕ ಸ್ತನದ ಪ್ರಶ್ನೆ. ಬಾರ್ಬಿ ಗೊಂಬೆಯನ್ನು ಸೃಷ್ಟಿಸಿದ ರೂತ್ ಹ್ಯಾಂಡ್ಲರ್‌ಗೆ 1970ರಲ್ಲಿ ಮ್ಯಾಸ್ಟೆಕ್ಟಮಿ ಆಯ್ತು. ಅಂಗಡಿಯಲ್ಲಿ ಸಿಕ್ಕಿದ್ದು ಇಷ್ಟ ಆಗದೆ, ಎಡಕ್ಕೆ ಬೇರೆ ಬಲಕ್ಕೆ ಬೇರೆ ಆಕಾರದ ಕೃತಕ ಸ್ತನ ತಯಾರಿಸುವ ಕಂಪನಿಯನ್ನೇ ಶುರು ಮಾಡಿದರು. ಅದೇ ದೇಶದ ಕವಯತ್ರಿ ಆಡ್ರಿ ಲಾರ್ಡ್ 1978ರಲ್ಲಿ ಅದನ್ನ ಹಾಕ್ಕೊಳ್ಳದೆ ಡಾಕ್ಟರ್ ಹತ್ತಿರ ಹೋದಾಗ, ಕ್ಲಿನಿಕ್‌ನ ಸ್ಥೈರ್ಯ ಕುಗ್ಗುತ್ತೆ ಅಂತ ನರ್ಸ್ ಆಕ್ಷೇಪಿಸಿದರು. ಆಕೆ ಒಪ್ಪಲೇ ಇಲ್ಲ. ನನಗೆ ಇಬ್ಬರೂ ಬೇಕು. ಕ್ಲೈಂಟ್ ಮೀಟಿಂಗ್ ದಿನ ಸಿಲಿಕೋನ್ ಹಾಕ್ತೀನಿ, ಭಾರ ಇರೋದ್ರಿಂದ ಭುಜ ಎರಡೂ ಸರಿಯಾಗಿ ನಿಲ್ಲುತ್ತೆ. ಗಾಯ ಪೂರ್ತಿ ಮಾಗಿ ಡಾಕ್ಟರ್ ಹೂಂ ಅಂದ ಮೇಲೇ ಅದನ್ನ ಶುರು ಮಾಡಬೇಕು. ಭಾನುವಾರ ತರಕಾರಿಗೆ ಹೋಗುವಾಗ ಏನೂ ಇಲ್ಲ. ಯಾರಿಗೆ ಎಷ್ಟು ಗೊತ್ತಾಗಬೇಕು ಅನ್ನೋದು ಆವತ್ತಿನ ನನ್ನ ಮೂಡ್‌ಗೆ ಬಿಟ್ಟಿದ್ದು. ನಮ್ಮತ್ತೆ ಮಾತ್ರ ಇದನ್ನ ಇನ್ನೂ ಒಪ್ಪಿಲ್ಲ, ಗೇಟಿನ ತನಕ ದುಪಟ್ಟಾ ಹಿಡ್ಕೊಂಡು ಬರ್ತಾರೆ.

ಇಷ್ಟೆಲ್ಲದರಲ್ಲಿ ನಿಮಗೆ ಅತಿ ಹೆಚ್ಚು ಬೇಕಾಗೋದು ಒಬ್ಬ ಒಳ್ಳೆ ಟೈಲರ್. ಮುಚ್ಚುಮರೆ ಬೇಡ, ನೇರ ಹೇಳಿಬಿಡಿ. ಚಪ್ಪಟೆ ಇರೋ ಕಡೆ ಡಾಟ್ ಹಿಡಿದರೆ ಅಲ್ಲಿ ಖಾಲಿ ಚೀಲದ ಹಾಗೆ ಬಟ್ಟೆ ಉಬ್ಬುತ್ತೆ, ಅದಕ್ಕೆ ಆ ಕಡೆ ಡಾಟ್ ಇಲ್ಲದೆ ಸಪಾಟಾಗಿ ಕತ್ತರಿಸೋಕೆ ಹೇಳಿ. ಹುಕ್ ಮುಂದೆ ಇರಲಿ. ಕೈ ಬಾತರೆ ಬಿಚ್ಚೋಕೆ ತೋಳಿನ ಹೊಲಿಗೆ ಒಳಗೆ ಮಾರ್ಜಿನ್ ಬಿಡಲಿ. ಮಾಮೂಲಿ ಬ್ರಾ ಒಳಗೆ ಕಾಟನ್ ಬಟ್ಟೆಯ ಜೇಬೊಂದು ಹೊಲಿದುಕೊಟ್ಟರೆ ಕೃತಕ ಸ್ತನ ಜಾರದೆ ಕೂರುತ್ತೆ, ಅದಕ್ಕೆಂದೇ ಮಾರುವ ದುಬಾರಿ ಬ್ರಾ ಬೇಕಿಲ್ಲ.

ನಮ್ಮ ಬೀದಿಯ ಟೈಲರ್ ಅಕ್ಕನಿಗೆ ನಾನು ಹೇಳಿದಾಗ ಅವರು ಟೇಪ್ ಕೊರಳಿಂದ ತೆಗೆದು, "ಅಷ್ಟೇನಾ? ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಬರ್ಕೋತೀನಿ ಬಿಡಮ್ಮ" ಅಂದ್ರು. ಅವರ ನೋಟ್‌ಬುಕ್ಕಲ್ಲಿ ನನ್ನ ಹೆಸರಿನ ಮುಂದೆ ಈಗ ಎರಡು ಸಾಲು ಇದೆ. ಮುಂದಿನ ತಿಂಗಳು ತಂಗಿ ಮದುವೆಗೆ ಹಸಿರು ಖಣದ ರವಿಕೆ ಕೊಟ್ಟು ಬಂದಿದ್ದೀನಿ, ತೋಳು ಮೊಣಕೈವರೆಗೆ, ಸಡಿಲ.